ತೊಟ್ಟಿಕ್ಕುವುದು ಒಂದು ಕಡೆ, ಒಡೆದ ಹೆಂಚು ಇನ್ನೊಂದು ಕಡೆ: ಖಾತೆ ಹ್ಯಾಕ್ ಆದಾಗ ತೂತು ಹುಡುಕುವ ಬಗೆ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಮಳೆಗಾಲದಲ್ಲಿ ನೀರು ತೊಟ್ಟಿಕ್ಕುವುದು ದೇವರ ಕೋಣೆಯಲ್ಲಿ, ಒಡೆದ ಹೆಂಚು ಇರುವುದು ಮಾಡಿನ ಮೇಲ್ತುದಿಯಲ್ಲಿ. ನೀರು ರೀಪಿನ ಗುಂಟ ಹರಿದು ಬಂದು ತನಗೆ ಬೇಕಾದಲ್ಲಿ ಬೀಳುತ್ತದೆ. ಕೆಳಗೆ ಬಕೆಟ್ ಇಟ್ಟವರು ಮಳೆ ಮುಗಿಯುವವರೆಗೂ ಬಕೆಟ್ ಬದಲಿಸುತ್ತಲೇ ಇರಬೇಕು.

ದೊಡ್ಡಮ್ಮನ ವಾಟ್ಸಾಪ್ ಹ್ಯಾಕ್ ಆದಾಗ ನಾನು ಮಾಡಿದ್ದೂ ಬಕೆಟ್ ಇಡುವ ಕೆಲಸವೇ.

ಆ ಶನಿವಾರ ಬೆಳಿಗ್ಗೆ ಅವರ ನಂಬರಿನಿಂದ ನನಗೊಂದು ಮೆಸೇಜ್ ಬಂತು. ಅರ್ಜೆಂಟಾಗಿ 15,000 ಬೇಕು, ಸಂಜೆ ವಾಪಸ್ ಕೊಡುತ್ತೇನೆ ಅಂತ. ಅದೂ ಇಂಗ್ಲಿಷಿನಲ್ಲಿ! ದೊಡ್ಡಮ್ಮ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದನ್ನೂ ನಾನು ಕಂಡವನಲ್ಲ. ಫೋನ್ ಮಾಡಿದರೆ ಆ ಕಡೆ ಅಳು. "ಅಪ್ಪಿ, ಬೆಳಿಗ್ಗೆಯಿಂದ ಎಲ್ಲರೂ ಫೋನ್ ಮಾಡ್ತಿದಾರೆ ಕಣೋ. ನಾನು ಯಾರ ಹತ್ರನೂ ದುಡ್ಡು ಕೇಳಿಲ್ಲ."

ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಸಾಗರದ ಹತ್ತಿರದ ಅವರ ಊರಿಗೆ ಹೋದೆ. ಹೋದವನೇ ಅವರ ಫೋನ್ ತಗೊಂಡು ವಾಟ್ಸಾಪ್‌ಗೆ ಮತ್ತೆ ನಂಬರ್ ಹಾಕಿದೆ. ಒಟಿಪಿ ಬಂತು, ಖಾತೆ ಸಿಕ್ಕಿತು. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮತ್ತೆ ಹೋಯಿತು. ಮತ್ತೆ ತಂದೆ, ಮತ್ತೆ ಹೋಯಿತು. ನಡುವೆ ಜಿಮೇಲ್ ಪಾಸ್‌ವರ್ಡ್ ಬದಲಿಸಿದೆ, ಫೇಸ್‌ಬುಕ್ ಪಾಸ್‌ವರ್ಡ್ ಬದಲಿಸಿದೆ. ಎಲ್ಲ ಅದೇ ಫೋನಿನಲ್ಲಿ. ತೂತು ಇದ್ದಿದ್ದೇ ಆ ಫೋನಿನಲ್ಲಿ ಅಂತ ಗೊತ್ತಾಗಿದ್ದು ಸಂಜೆಗೆ.

ಅವತ್ತಿನಿಂದ ನೆಂಟರು ಫೋನ್ ಹಿಡಿದುಕೊಂಡು ಬಂದಾಗಲೆಲ್ಲ ನಾನು ಹುಡುಕುವ ಕ್ರಮ ಬದಲಾಗಿದೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಪಾಸ್‌ವರ್ಡ್ ಮುಟ್ಟುವ ಮುಂಚೆ

ಖಾತೆಯಿಂದ ದುಡ್ಡು ಹೋಗಿದೆಯಾ? ಹೋಗಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಕಳ್ಳರು ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ಎಟಿಎಂನಲ್ಲಿ ನಗದಾಗುವ ಮೊದಲು ತಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ತಡೆಹಿಡಿಯಲು ಬ್ಯಾಂಕಿಗೆ ಹೇಳಿ.

ದುಡ್ಡು ಹೋಗಿಲ್ಲವಾದರೆ ಹತ್ತು ನಿಮಿಷ ಸುಮ್ನೆ ಕೂತು ಯೋಚನೆ ಮಾಡುವುದೇ ಒಳ್ಳೆಯದು. ನಮ್ಮ ಖಾತೆಗಳು ಒಂದರ ಮೇಲೊಂದು ನಿಂತಿವೆ. ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಮರೆತರೆ ಕೊಂಡಿ ಬರುವುದು ಜಿಮೇಲ್‌ಗೆ. ಜಿಮೇಲ್ ಮರೆತರೆ ಕೋಡ್ ಬರುವುದು ಸಿಮ್‌ಗೆ. ಸಿಮ್‌ಗೆ ಬಂದ ಕೋಡನ್ನು ತೋರಿಸುವುದು ಫೋನು. ಹಾಗಾಗಿ ನೋಡುವ ಸರದಿ ಇದು: ಮೊದಲು ಫೋನು, ಆಮೇಲೆ ಸಿಮ್, ಆಮೇಲೆ ಮೇಲ್, ಕೊನೆಗೆ ಉಳಿದದ್ದು. ನಾವೆಲ್ಲ ಗಾಬರಿಯಲ್ಲಿ ಇದನ್ನು ಪೂರ್ತಿ ತಿರುಗಾಮುರುಗಾ ಮಾಡುತ್ತೇವೆ.

ಇನ್ನೊಂದು ಮಾತು. ಖಾತೆ ವಾಪಸ್ ಪಡೆಯುವ ಕೆಲಸಕ್ಕೆ ಮನೆಯಲ್ಲಿ ಬೇರೆಯವರ ಫೋನೋ ಕಂಪ್ಯೂಟರೋ ಇಟ್ಟುಕೊಳ್ಳಿ. ತೊಂದರೆ ಬಂದ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ ಪಕ್ಕಕ್ಕಿಡಿ.

ಇದು ಹ್ಯಾಕ್ ಹೌದೋ ಅಲ್ವೋ

ನನ್ನ ಹತ್ತಿರ ಬರುವ ‘ಹ್ಯಾಕ್’ಗಳಲ್ಲಿ ಎಷ್ಟೋ ಸಲ ಹ್ಯಾಕೇ ಆಗಿರುವುದಿಲ್ಲ. ನಿಮ್ಮ ಫೋಟೋ, ಹೆಸರು ಕದ್ದು ಯಾರೋ ಹೊಸ ಫೇಸ್‌ಬುಕ್ ಖಾತೆ ತೆರೆದಿರುತ್ತಾರೆ. ಅಥವಾ ಬೇರೆ ನಂಬರಿನ ವಾಟ್ಸಾಪ್‌ಗೆ ನಿಮ್ಮ ಫೋಟೋ ಹಾಕಿ ‘ಇದು ನನ್ನ ಹೊಸ ನಂಬರ್’ ಅನ್ನುತ್ತಾರೆ. ನಿಮ್ಮ ಖಾತೆ ನಿಮ್ಮ ಕೈಯಲ್ಲೇ ಇರುತ್ತದೆ. ಇಲ್ಲಿ ಪಾಸ್‌ವರ್ಡ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಆ ನಕಲಿ ಖಾತೆಯನ್ನು ನೀವು ರಿಪೋರ್ಟ್ ಮಾಡಿ, ನಾಲ್ಕು ಸ್ನೇಹಿತರ ಕೈಯಲ್ಲೂ ಮಾಡಿಸಿ. ನಿಮ್ಮ ಸ್ನೇಹಿತರ ಪಟ್ಟಿ ಎಲ್ಲರಿಗೂ ಕಾಣುವ ಹಾಗಿದ್ದರೆ ಮುಚ್ಚಿಡಿ. ಕಳ್ಳನಿಗೆ ದುಡ್ಡು ಕೇಳಲು ಜನ ಸಿಗುವುದು ಅಲ್ಲಿಂದಲೇ.

ಕಂಡುಹಿಡಿಯುವುದು ಸುಲಭ. ಮೆಸೇಜ್ ಬಂದವರ ಹತ್ತಿರ ಸ್ಕ್ರೀನ್‌ಶಾಟ್ ತರಿಸಿ ನಂಬರ್ ನೋಡಿ. ಹಳೆಯ ಮಾತುಕತೆಯ ಕೆಳಗೇ ಹೊಸ ಮೆಸೇಜ್ ಬಂದಿದ್ದರೆ ನಿಜವಾದ ಹ್ಯಾಕ್. ಹೊಸದಾಗಿ, ಖಾಲಿ ಪುಟದಲ್ಲಿ ಬಂದಿದ್ದರೆ ಹೆಚ್ಚಾಗಿ ನಕಲಿ.

ವಾಟ್ಸಾಪ್ ತಾನಾಗಿ ಲಾಗೌಟ್ ಆಗಿದೆ

ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ನೋಂದಾಯಿಸಿದ್ದಾರೆ ಅಂತ ಅರ್ಥ. ಅದಕ್ಕೆ ಆರು ಅಂಕಿಯ ಕೋಡ್ ಬೇಕು. ಕೋಡ್ ಅವರಿಗೆ ಹೋಗಿದ್ದು ಹೇಗೆ ಅನ್ನುವುದೇ ನಿಮ್ಮ ಪ್ರಶ್ನೆ.

ಒಂದನೇ ದಾರಿ, ನೀವೇ ಹೇಳಿರುತ್ತೀರಿ. ‘ತಪ್ಪಿ ನಿಮ್ಮ ನಂಬರ್‌ಗೆ ಕೋಡ್ ಕಳಿಸಿಬಿಟ್ಟೆ, ಸ್ವಲ್ಪ ಹೇಳ್ತೀರಾ’ ಅಂತ ಪರಿಚಯದವರ ಖಾತೆಯಿಂದಲೇ ಮೆಸೇಜ್ ಬಂದಿರುತ್ತದೆ. ಆ ಪರಿಚಯದವರ ಖಾತೆ ಅಷ್ಟರಲ್ಲಿ ಹೋಗಿರುತ್ತದೆ.

ಎರಡನೇ ದಾರಿ ಕಾಲ್ ಫಾರ್ವರ್ಡಿಂಗ್. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಮತ್ತು ಅವರ ಪತ್ನಿ ಪ್ರಿಯಾಂಕಾ ಅವರ ಫೋನ್ ಹ್ಯಾಕ್ ಆಗಿದ್ದು ಸುದ್ದಿಯಾಗಿತ್ತಲ್ಲ, ಅದು ಶುರುವಾಗಿದ್ದು ಡೆಲಿವರಿ ಹೆಸರಿನಲ್ಲಿ, ಚಿಹ್ನೆ ಸೇರಿದ ಒಂದು ನಂಬರ್ ಒತ್ತಿಸಿದ್ದರಿಂದ. ಆಮೇಲೆ ಅವರ ಹೆಸರಿನಲ್ಲಿ ಪರಿಚಯದವರಿಗೆ ದುಡ್ಡು ಕೇಳಿದ ಮೆಸೇಜ್‌ಗಳು ಹೋದವು. ಈ ತಂತ್ರ ಕೆಲಸ ಮಾಡುವುದು ಹೀಗೆ. *21* ಅಥವಾ *401* ಅಂತ ಶುರುವಾಗಿ, ನಡುವೆ ಹತ್ತಂಕಿಯ ಮೊಬೈಲ್ ನಂಬರ್ ಇರುವ ಕೋಡ್ ಒತ್ತಿದರೆ ನಿಮಗೆ ಬರುವ ಕರೆಗಳು ಆ ನಂಬರಿಗೆ ತಿರುಗುತ್ತವೆ. ವಾಟ್ಸಾಪ್ ಕೋಡನ್ನು ಎಸ್ಸೆಮ್ಮೆಸ್ ಬದಲು ಕರೆ ಮಾಡಿಯೂ ಹೇಳುತ್ತದೆ. ಕಳ್ಳ ಕರೆಯನ್ನೇ ಆರಿಸಿಕೊಳ್ಳುತ್ತಾನೆ. ನಿಮ್ಮ ಫೋನ್ ರಿಂಗೂ ಆಗುವುದಿಲ್ಲ.

ಇಂಥ ಕೋಡ್ ಮೂಲಕ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಎಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ನೋಡಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು. *#21# ಒತ್ತಿದರೆ ಕರೆ ಎಲ್ಲಿಗಾದರೂ ತಿರುಗಿದೆಯಾ ಅಂತ ತೋರಿಸುತ್ತದೆ. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಕೋಡ್ ಕೆಲಸ ಮಾಡದಿದ್ದರೆ ಡಯಲರ್‌ನ ಸೆಟ್ಟಿಂಗ್ಸಿಗೆ ಹೋಗಿ ಕಾಲ್ ಫಾರ್ವರ್ಡಿಂಗ್ ತೆರೆದು ನೋಡಿ.

ಫಾರ್ವರ್ಡಿಂಗ್ ತೆಗೆದ ಮೇಲೆ ವಾಟ್ಸಾಪ್‌ನಲ್ಲಿ ನಂಬರ್ ಹಾಕಿ, ಕೋಡ್ ಹಾಕಿ. ಆ ಕ್ಷಣವೇ ಕಳ್ಳ ಹೊರಗೆ ಬೀಳುತ್ತಾನೆ. ಅವನು ಟೂ-ಸ್ಟೆಪ್ ಪಿನ್ (ಕೋಡ್ ಆದ ಮೇಲೆ ಕೇಳುವ ಎರಡನೇ ಗುಟ್ಟಿನ ಸಂಖ್ಯೆ) ಹಾಕಿ ಹೋಗಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕಾಗಬಹುದು. ಆದರೆ ಕೋಡ್ ಹಾಕಿದ ಕೂಡಲೇ ಅವನೂ ಹೊರಗೇ ಇರುತ್ತಾನೆ, ಅಷ್ಟು ಸಮಾಧಾನ. ಕೋಡ್ ಪದೇ ಪದೇ ತಪ್ಪಾಗಿ ಹಾಕಿದರೆ ಮಾತ್ರ ವಾಟ್ಸಾಪ್ ಗಂಟೆಗಟ್ಟಲೆ ಕಾಯಿಸುತ್ತದೆ. ಕಳ್ಳ ಬೇಕಂತಲೇ ತಪ್ಪು ಹಾಕಿ ನಿಮ್ಮನ್ನು ಕಾಯಿಸುವುದೂ ಉಂಟು.

ಒಳಗೆ ಹೋದ ತಕ್ಷಣ ನಿಮ್ಮದೇ ಆರು ಅಂಕಿಯ ಟೂ-ಸ್ಟೆಪ್ ಪಿನ್ ಹಾಕಿ. ದೊಡ್ಡಮ್ಮನ ಮನೆಯಲ್ಲಿ ಮೊದಲ ಸಲ ಇದು ನನ್ನ ತಲೆಗೇ ಹೊಳೆಯಲಿಲ್ಲ.

ವಾಟ್ಸಾಪ್ ನಿಮ್ಮ ಕೈಯಲ್ಲೇ ಇದೆ, ಆದರೂ ಮೆಸೇಜ್ ಹೋಗುತ್ತಿದೆ

ಇದು ಮೇಲಿನದಕ್ಕಿಂತ ಕೆಟ್ಟದ್ದು. ಲಾಗೌಟ್ ಆದರೆ ಗೊತ್ತಾದರೂ ಆಗುತ್ತದೆ. ಇಲ್ಲಿ ಕಳ್ಳ ಪಕ್ಕದಲ್ಲೇ ಕೂತು ಓದುತ್ತಿರುತ್ತಾನೆ.

ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಂದರೆ ಖಾತೆಗೆ ಜೋಡಿಸಿದ ಸಾಧನಗಳ ಪಟ್ಟಿ, ತೆರೆಯಿರಿ. ಒಂದು ಖಾತೆಗೆ ನಾಲ್ಕು ಸಾಧನ ಜೋಡಿಸಬಹುದು. ನಿಮಗೆ ಗೊತ್ತಿಲ್ಲದ ಕ್ರೋಮ್, ವಿಂಡೋಸ್ ಅಂತ ಏನಾದರೂ ಕಂಡರೆ ಅದೇ ತೂತು, ಲಾಗೌಟ್ ಮಾಡಿ. ಯಾರೋ ಕ್ಯೂಆರ್ ಸ್ಕ್ಯಾನ್ ಮಾಡಿಸಿರುತ್ತಾರೆ. ಅಥವಾ ‘ಈ ಫೋಟೋದಲ್ಲಿ ನೀವಿದ್ದೀರಾ ನೋಡಿ’ ಅಂತ ಕೊಂಡಿ ಕಳಿಸಿ, ಒಂದು ನಕಲಿ ಪುಟದಲ್ಲಿ ನಿಮ್ಮ ನಂಬರ್ ಕೇಳಿ, 8 ಅಕ್ಷರದ ಕೋಡನ್ನು ನಿಮ್ಮ ಕೈಯಿಂದಲೇ ವಾಟ್ಸಾಪ್‌ಗೆ ಹಾಕಿಸಿರುತ್ತಾರೆ. ಹೊಸ ಫೋನಿನಲ್ಲಿ ನೋಂದಾಯಿಸಿದ ಕಳ್ಳನಿಗೆ ನಿಮ್ಮ ಹಳೆಯ ಮಾತುಕತೆ ಸಿಗುವುದಿಲ್ಲ, ಅದು ನಿಮ್ಮ ಫೋನಿನಲ್ಲೇ ಇರುತ್ತದೆ. ಜೋಡಿಸಿಕೊಂಡ ಕಳ್ಳನಿಗೆ ಹಳೆಯದೂ ಕಾಣುತ್ತದೆ. ಹಾಗಾಗಿ ಚಾಟ್‌ನಲ್ಲಿ ಯಾರಿಗಾದರೂ ಆಧಾರ್ ಫೋಟೋ, ಎಟಿಎಂ ಪಿನ್ ಅಂತ ಕಳಿಸಿದ್ದರೆ ಅದೂ ಅವನ ಕೈ ಸೇರಿದೆ ಅಂದುಕೊಂಡೇ ಮುಂದುವರಿಯಿರಿ.

ವಾಪಸ್ ತಂದರೂ ಮತ್ತೆ ಮತ್ತೆ ಹೋಗುತ್ತಿದೆ

ದೊಡ್ಡಮ್ಮನ ಕೇಸು ಇದೇ.

ಫಾರ್ವರ್ಡಿಂಗ್ ಇರಲಿಲ್ಲ. ಲಿಂಕ್ಡ್ ಡಿವೈಸ್ ಇರಲಿಲ್ಲ. ಕೋಡ್ ಯಾರಿಗೂ ಹೇಳಿಲ್ಲ ಅಂತ ಅವರು ದೇವರ ಮೇಲೆ ಆಣೆ ಇಟ್ಟರು. ಮೂರನೇ ಸಲ ಖಾತೆ ಹೋದಾಗ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾವು ಏನೂ ಮಾಡದೆ ಕೂತಿದ್ದಾಗಲೇ ಫೋನಿಗೆ ಹೊಸ ಕೋಡ್ ಬಂತು, ಒಂದು ನಿಮಿಷದೊಳಗೆ ಖಾತೆ ಹೋಯಿತು. ಅಂದರೆ ಎಸ್ಸೆಮ್ಮೆಸ್ ನಮಗೂ ಬರುತ್ತಿದೆ, ಅವನಿಗೂ ಹೋಗುತ್ತಿದೆ. ಸಿಮ್ ನಮ್ಮ ಹತ್ತಿರವೇ ಇದೆ. ಉಳಿದಿದ್ದು ಫೋನು.

"ದೊಡ್ಡಮ್ಮ, ಈ ವಾರದಲ್ಲಿ ಯಾರಾದ್ರೂ ಏನಾದ್ರೂ ಕಳಿಸಿದ್ರಾ?"

"ಮದುವೆ ಕರೆಯೋಲೆ ಬಂದಿತ್ತು. ಒತ್ತಿದೆ, ತೆಗೆಯಲೇ ಇಲ್ಲ. ನಮ್ಮ ಹಳೇ ಫೋನಿಗೆ ಇದೆಲ್ಲ ಬರಲ್ಲ ಅಂತ ಬಿಟ್ಟೆ."

ಚಾಟ್‌ನಲ್ಲಿ ಆ ಕರೆಯೋಲೆ ಇನ್ನೂ ಇತ್ತು. ಕಡತದ ಹೆಸರಿನ ಕೊನೆಗೆ ಡಾಟ್ ಎಪಿಕೆ. ಕರೆಯೋಲೆ ಫೋಟೋ ಆಗಿರಬಹುದು, ಪಿಡಿಎಫ್ ಆಗಿರಬಹುದು, ವಿಡಿಯೋ ಆಗಿರಬಹುದು. ಎಪಿಕೆ ಅಂದರೆ ಆಂಡ್ರಾಯ್ಡ್ ಆ್ಯಪ್. ಟ್ರಾಫಿಕ್ ದಂಡದ ಚಲನ್, ಬ್ಯಾಂಕ್ ಕೆವೈಸಿ ಹೆಸರಿನಲ್ಲೂ ಇದೇ ಬರುತ್ತದೆ. ಒಳಗೆ ಹೋದ ಮೇಲೆ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿ, ಬಂದ ಪ್ರತಿ ಸಂದೇಶವನ್ನೂ ಇಂಟರ್ನೆಟ್ ಮೂಲಕ ಕಳ್ಳನಿಗೆ ದಾಟಿಸುತ್ತದೆ. ತನ್ನ ಐಕಾನನ್ನು ಅಡಗಿಸಿಡುತ್ತದೆ. ಅದಕ್ಕೇ ದೊಡ್ಡಮ್ಮನಿಗೆ ಏನೂ ತೆರೆಯಲಿಲ್ಲ ಅನಿಸಿದ್ದು.

ಹುಡುಕಿದ್ದು ಹೀಗೆ. ಸೆಟ್ಟಿಂಗ್ಸ್‌ನ ಪರ್ಮಿಷನ್ ಮ್ಯಾನೇಜರ್‌ನಲ್ಲಿ ಎಸ್ಸೆಮ್ಮೆಸ್ ಅನುಮತಿ ಯಾರಿಗೆಲ್ಲ ಇದೆ ಅಂತ ನೋಡಿದೆ. ಪಟ್ಟಿಯಲ್ಲಿ ಫೋನಿನ ಒಳಭಾಗದ್ದೇ ಏನೋ ಅನ್ನಿಸುವಂಥ ಹೆಸರಿನ ಒಂದು ಆ್ಯಪ್ ಇತ್ತು. ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿತ್ತು, ಒತ್ತಲಾಗದು. ಅದು ಡಿವೈಸ್ ಅಡ್ಮಿನ್, ಅಂದರೆ ಫೋನಿನ ಮೇಲೆ ಹಿಡಿತ ಕೊಡುವ ಹಕ್ಕು ಪಡೆದುಕೊಂಡಿದ್ದೇ ಕಾರಣ. ಮೊದಲು ಆ ಹಕ್ಕು ತೆಗೆದು, ಆಮೇಲೆ ಆ್ಯಪ್ ತೆಗೆಯಬೇಕು. ನೋಟಿಫಿಕೇಶನ್ ಆಕ್ಸೆಸ್ ಮತ್ತು ಆಕ್ಸೆಸಿಬಿಲಿಟಿ ಎಂಬ ಎರಡು ಜಾಗಗಳನ್ನೂ ಬಿಡಬೇಡಿ. ಎರಡನೆಯದು ಸಿಕ್ಕಿದ ಆ್ಯಪ್ ನಿಮ್ಮ ಪರದೆಯನ್ನು ಓದಬಲ್ಲದು, ನಿಮ್ಮ ಪರವಾಗಿ ಒತ್ತಲೂ ಬಲ್ಲದು. ತೆಗೆಯಲು ಹೋದಾಗಲೆಲ್ಲ ಪರದೆ ಮುಚ್ಚಿಕೊಂಡರೆ, ಹೊರಗಿನಿಂದ ಹಾಕಿದ ಆ್ಯಪ್‌ಗಳು ನಡೆಯದ ಸೇಫ್ ಮೋಡ್‌ಗೆ ಹೋಗಿ. ಹೆಚ್ಚಿನ ಫೋನುಗಳಲ್ಲಿ ಪವರ್ ಆಫ್ ಅನ್ನುವುದನ್ನು ಒತ್ತಿ ಹಿಡಿದರೆ ಅದು ಬರುತ್ತದೆ.

ಆದರೆ ನನ್ನನ್ನು ಕೇಳಿದರೆ, ಆ್ಯಪ್ ತೆಗೆದು ನಿಲ್ಲಿಸಬೇಡಿ. ಫೋಟೋ, ನಂಬರು ಮಾತ್ರ ಎತ್ತಿಟ್ಟುಕೊಂಡು, ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿ. ಒಂದು ಕಂಡಿದೆ ಅಂದರೆ ಕಾಣದ ಇನ್ನೊಂದು ಇಲ್ಲ ಅಂತ ಹೇಗೆ ಹೇಳುವುದು? ರೀಸೆಟ್‌ಗೆ ಮುಂಚೆ ಗೂಗಲ್ ಪಾಸ್‌ವರ್ಡ್ ಕೈಯಲ್ಲಿರಲಿ, ಆಮೇಲೆ ಅದನ್ನು ಕೇಳುತ್ತದೆ. ಎಪಿಕೆಯ ಸ್ಕ್ರೀನ್‌ಶಾಟ್, ಕಳಿಸಿದ ನಂಬರ್ ತೆಗೆದಿಟ್ಟುಕೊಳ್ಳಿ, ದೂರಿಗೆ ಬೇಕಾಗುತ್ತದೆ.

ಅವತ್ತು ಸಂಜೆ ನಾವು ಮಾಡಿದ ಉಪಾಯ ಬಹಳ ಸರಳ. ದೊಡ್ಡಪ್ಪನ ಕಾಲದ ಕೀಪ್ಯಾಡ್ ಫೋನ್ ಬೀರುವಿನಲ್ಲಿತ್ತು. ಸಿಮ್ ತೆಗೆದು ಅದಕ್ಕೆ ಹಾಕಿದೆವು. ಕೋಡ್ ಅದರಲ್ಲಿ ಬಂತು, ವಾಟ್ಸಾಪ್ ನನ್ನ ಅಣ್ಣನ ಮಗಳ ಫೋನಿನಲ್ಲಿ ತೆರೆಯಿತು, ಪಿನ್ ಹಾಕಿದೆವು. ಆಮೇಲೆ ಖಾತೆ ಹೋಗಲಿಲ್ಲ. ಅವತ್ತು ಇಡೀ ದಿನ ನಾನು ಮಾಡಿದ ಪಾಸ್‌ವರ್ಡ್ ಸಾಹಸಗಳನ್ನೆಲ್ಲ ಮತ್ತೆ ಮೊದಲಿಂದ, ಬೇರೆ ಫೋನಿನಲ್ಲಿ ಮಾಡಬೇಕಾಯಿತು.

ಸಿಗ್ನಲ್ಲೇ ಇಲ್ಲ

ಮನೆಯಲ್ಲಿ ಅದೇ ಕಂಪನಿಯ ಬೇರೆ ಫೋನಿಗೆ ಸಿಗ್ನಲ್ ಇದೆ, ನಿಮ್ಮದಕ್ಕೆ ಮಾತ್ರ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಬರುತ್ತಿಲ್ಲ. ಮಲೆನಾಡಿನಲ್ಲಿ ಸಿಗ್ನಲ್ ಹೋಗುವುದು ಮಾಮೂಲಿ, ಹಾಗಾಗಿ ಇಲ್ಲಿಯವರು ಇದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಿಮ್ಮ ಹೆಸರಿನಲ್ಲಿ ಬೇರೆಯವರು ಡೂಪ್ಲಿಕೇಟ್ ಸಿಮ್ಮೋ ಇ-ಸಿಮ್ಮೋ ತೆಗೆದಿರಬಹುದು. ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ, ಜೊತೆಗೇ ಬ್ಯಾಂಕಿಗೂ ಹೇಳಿ. ಬದಲಿ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಹೋಗದಂತೆ 2022ರಲ್ಲಿ ನಿಯಮ ಬಂತು. ಆ ಒಂದು ದಿನ ನಿಮಗೆ ಸಿಕ್ಕ ಅವಕಾಶ. ಆಮೇಲೆ ಬಿಡುವಾದಾಗ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಿ. ನಮ್ಮ ಮನೆಯಲ್ಲೇ ಒಬ್ಬರ ಹೆಸರಿನಲ್ಲಿ ಅವರಿಗೇ ಗೊತ್ತಿಲ್ಲದ ಎರಡು ನಂಬರ್ ಸಿಕ್ಕವು.

ಮೇಲ್ ಖಾತೆ

2012ರ ಆಗಸ್ಟಿನಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಕರ್ತ ಮ್ಯಾಟ್ ಹೊನಾನ್ ಅವರ ಖಾತೆಗಳು ಒಂದೇ ಗಂಟೆಯ ಆಸುಪಾಸಿನಲ್ಲಿ ಸಾಲಾಗಿ ಬಿದ್ದವು. ಕಳ್ಳರಿಗೆ ಬೇಕಿದ್ದಿದ್ದು ಅವರ ಮೂರಕ್ಷರದ ಟ್ವಿಟರ್ ಹೆಸರು ಮಾತ್ರ. ಅಲ್ಲಿಗೆ ಹೋಗಲು ಅವರು ಶುರು ಮಾಡಿದ್ದು ಅಮೆಜಾನ್‌ನಿಂದ. ಅಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿ ಸಿಕ್ಕಿತು, ಅದನ್ನು ಹೇಳಿ ಆಪಲ್ ಖಾತೆ ಪಡೆದರು, ಅದರಿಂದ ಜಿಮೇಲ್, ಅದರಿಂದ ಟ್ವಿಟರ್. ದಾರಿಯಲ್ಲಿ ಅವರ ಫೋನ್, ಲ್ಯಾಪ್‌ಟಾಪ್ ಎರಡನ್ನೂ ಅಳಿಸಿಹಾಕಿದರು, ಮಗಳ ಫೋಟೋಗಳ ಸಮೇತ. ಟ್ವಿಟರ್ ಪಾಸ್‌ವರ್ಡ್ ಎಷ್ಟು ಗಟ್ಟಿ ಇದ್ದರೇನು, ಅಲ್ವಾ?

ಜಿಮೇಲ್‌ನೊಳಗೆ ಹೋಗಲು ಆಗುತ್ತಿಲ್ಲ ಅಂದರೆ ಗೂಗಲ್‌ನ ಅಕೌಂಟ್ ರಿಕವರಿ ಪುಟದಿಂದ ಪ್ರಯತ್ನಿಸಿ. ನೀವು ಯಾವಾಗಲೂ ಬಳಸುವ ಜಾಗ, ಯಾವಾಗಲೂ ಬಳಸುವ ವೈಫೈ, ಮೊದಲು ಲಾಗಿನ್ ಆಗಿದ್ದ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಗೂಗಲ್ ಅದನ್ನೂ ಗಮನಿಸುತ್ತದೆ. ಕಳ್ಳ ರಿಕವರಿ ನಂಬರ್ ಬದಲಿಸಿದ್ದರೂ ಹಳೆಯ ನಂಬರಿಗೆ ಕೋಡ್ ತರಿಸುವ ಅವಕಾಶ 7 ದಿನ ಇರಬಹುದು. ಹಾಗಾಗಿ ತಡ ಮಾಡಬೇಡಿ.

ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಿಸಿ ಖುಷಿಯಾಗಿ ಎದ್ದು ಹೋಗುವುದೇ ಎಲ್ಲರ ತಪ್ಪು. ಕಂಪ್ಯೂಟರಿನಲ್ಲಿ ಜಿಮೇಲ್ ಸೆಟ್ಟಿಂಗ್ಸ್ ತೆರೆದು ಫಾರ್ವರ್ಡಿಂಗ್ ಮತ್ತು ಫಿಲ್ಟರ್ ನೋಡಿ. ಬಂದ ಮೇಲ್‌ಗಳೆಲ್ಲ ಅವನಿಗೊಂದು ಪ್ರತಿ ಹೋಗುವಂತೆ ಅಥವಾ ಬ್ಯಾಂಕಿನ ಮೇಲ್ ನೇರ ಕಸದ ಬುಟ್ಟಿಗೆ ಹೋಗುವಂತೆ ಇಟ್ಟು ಹೋಗಿರುತ್ತಾನೆ. ಪಾಸ್‌ವರ್ಡ್ ಬದಲಿಸಿದರೂ ಇವು ಹಾಗೇ ಉಳಿಯುತ್ತವೆ. ರಿಕವರಿ ಮೇಲ್, ಲಾಗಿನ್ ಆಗಿರುವ ಸಾಧನಗಳು, ನಿಮ್ಮ ಖಾತೆಗೆ ಅನುಮತಿ ಪಡೆದ ಹೊರಗಿನ ಆ್ಯಪ್‌ಗಳು, ಇವನ್ನೂ ಒಂದು ಸುತ್ತು ನೋಡಿ. ಟೂ-ಸ್ಟೆಪ್ ಹಾಕಿದಾಗ, ಫೋನ್ ಕೈಯಲ್ಲಿಲ್ಲದಿದ್ದರೂ ಒಳಗೆ ಹೋಗಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದಿಡಿ. ದೊಡ್ಡಮ್ಮನದು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿದೆ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್

ಮೇಲ್ ನಿಮ್ಮ ಕೈಯಲ್ಲಿದ್ದರೆ ಇವು ಅರ್ಧ ಸಿಕ್ಕಂತೆ. ಖಾತೆಯ ಇಮೇಲ್ ಬದಲಾದಾಗ ಇನ್‌ಸ್ಟಾಗ್ರಾಮ್ ಹಳೆಯ ವಿಳಾಸಕ್ಕೆ ಸುದ್ದಿ ಕಳಿಸುತ್ತದೆ, ಬದಲಾವಣೆ ರದ್ದು ಮಾಡುವ ಕೊಂಡಿಯೂ ಅದರಲ್ಲಿರುತ್ತದೆ. ಕಸದ ಬುಟ್ಟಿ, ಸ್ಪ್ಯಾಮ್ ಎರಡರಲ್ಲೂ ಹುಡುಕಿ. ಇಲ್ಲದಿದ್ದರೆ ಫೇಸ್‌ಬುಕ್ ಡಾಟ್ ಕಾಮ್ ಅಥವಾ ಇನ್‌ಸ್ಟಾಗ್ರಾಮ್ ಡಾಟ್ ಕಾಮ್ ಎಂದು ಹಾಕಿ, ಮುಂದೆ ಓರೆಗೆರೆ (/) ಎಳೆದು ಹ್ಯಾಕ್ಡ್ (hacked) ಅಂತ ಇಂಗ್ಲಿಷಿನಲ್ಲಿ ಬರೆಯಿರಿ, ಅದಕ್ಕೇ ಇಟ್ಟ ಪುಟ ಬರುತ್ತದೆ. ಖಾತೆಯಲ್ಲಿ ನಿಮ್ಮ ಮುಖದ ಫೋಟೋ ಇದ್ದರೆ ಇನ್‌ಸ್ಟಾಗ್ರಾಮ್ ವಿಡಿಯೋ ಸೆಲ್ಫಿ ಕೇಳಬಹುದು.

‘ಹ್ಯಾಕ್ ಆದ ಖಾತೆ ವಾಪಸ್ ಕೊಡಿಸುತ್ತೇವೆ, ಎರಡು ಸಾವಿರ ಕೊಡಿ’ ಅನ್ನುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಅವರು ಎರಡನೇ ಕಳ್ಳರು.

ದೂರು, ದುಡ್ಡು, ಮತ್ತು ಜನ

1930ಕ್ಕೆ ಹೇಳಿದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲೂ ದೂರು ದಾಖಲಿಸಿ ನಂಬರ್ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಇದಕ್ಕೇ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗಬಹುದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ರಿಸರ್ವ್ ಬ್ಯಾಂಕ್ 2017ರಲ್ಲಿ ಹಾಕಿದ ನಿಯಮದ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಅಂದರೆ 3 ಕೆಲಸದ ದಿನದೊಳಗೆ ಹೇಳಿದವರಿಗೆ ನಷ್ಟದ ಹೊಣೆ ಇಲ್ಲ. ನೀವೇ ಪಿನ್, ಒಟಿಪಿ ಹೇಳಿದ್ದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದು, ಆಮೇಲಿನದು ಬ್ಯಾಂಕಿನದು. ಎರಡರಲ್ಲೂ ಗಡಿಯಾರವೇ ಮುಖ್ಯ. ಹಾಗಾಗಿ ಫೋನ್ ಮಾಡಿದ ಹೊತ್ತನ್ನೂ ಬರೆದಿಡಿ.

ನಿಮ್ಮ ಬಳಗಕ್ಕೆ ಹೇಳುವಾಗ ವಾಟ್ಸಾಪ್ ಸ್ಟೇಟಸ್ ಹಾಕಿ ಮುಗಿಸಬೇಡಿ. ಹ್ಯಾಕ್ ಆದ ಖಾತೆಯಿಂದ ‘ನನ್ನ ಖಾತೆ ಹ್ಯಾಕ್ ಆಗಿದೆ’ ಅಂದರೆ ಯಾರು ನಂಬುತ್ತಾರೆ? ಫೋನ್ ಮಾಡಿ, ಧ್ವನಿ ಕೇಳಿಸಿ. ನಾವು ದೊಡ್ಡಮ್ಮನ ಪುಸ್ತಕದಲ್ಲಿದ್ದ ನಂಬರುಗಳನ್ನು ಮೂರು ಜನ ಹಂಚಿಕೊಂಡು ರಾತ್ರಿ ಹತ್ತರವರೆಗೆ ಕರೆ ಮಾಡಿದೆವು. ಮೊದಲು ಮಾಡಿದ್ದು ಒಳ್ಳೆಯ ಮನಸ್ಸಿನ, ಒಂಟಿಯಾಗಿರುವ ಹಿರಿಯರಿಗೆ. ಯೋಚನೆ ಮಾಡದೆ ದುಡ್ಡು ಹಾಕುವವರು ಅವರೇ.

ಒಬ್ಬರು ಹಾಕಿಯೂ ಬಿಟ್ಟಿದ್ದರು. ದೊಡ್ಡಮ್ಮನ ಜೊತೆ ಭಜನೆಗೆ ಬರುವ ಅಕ್ಕ, 15,000. ನಾವು ಕರೆ ಮಾಡುವಷ್ಟರಲ್ಲಿ ದುಡ್ಡು ಹಾಕಿ ಆರು ತಾಸು ಕಳೆದಿತ್ತು. ಅವರಿಂದಲೇ 1930ಕ್ಕೆ ಫೋನ್ ಮಾಡಿಸಿದೆವು. ಹೆಚ್ಚಿನದು ಅಷ್ಟರಲ್ಲಿ ದಾಟಿ ಹೋಗಿತ್ತು, 4,000 ಮಾತ್ರ ಯಾವುದೋ ಊರಿನ ಖಾತೆಯಲ್ಲಿ ತಡೆದು ನಿಲ್ಲಿಸಿದ್ದಾರೆ.

ದೊಡ್ಡಮ್ಮ ಎರಡು ವಾರ ಭಜನೆಗೆ ಹೋಗಲಿಲ್ಲ. ಫೋನ್ ಮುಟ್ಟಲಿಲ್ಲ. ನಿನ್ನ ತಪ್ಪಲ್ಲ ಅಂತ ನಾವು ಹೇಳಿದ್ದು ಅವರ ಕಿವಿಗೆ ಬೀಳಲೇ ಇಲ್ಲ. ಕೊನೆಗೆ ಆ ಅಕ್ಕನೇ ಮನೆಗೆ ಬಂದರು, ಕೈಯಲ್ಲಿ ತಮ್ಮ ಫೋನ್ ಹಿಡಿದುಕೊಂಡು. ಅವರಿಗೂ ಒಂದು ಮದುವೆ ಕರೆಯೋಲೆ ಬಂದಿತ್ತಂತೆ. ಒತ್ತುವ ಮೊದಲು ದೊಡ್ಡಮ್ಮನಿಗೆ ತೋರಿಸಿಕೊಂಡು ಹೋಗೋಣ ಅಂತ ಬಂದಿದ್ದರು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಹೆಸರಿನ ಕೊನೆಯ ಮೂರಕ್ಷರ ನೋಡಿದರು. "ಪಿಡಿಎಫ್. ಇದು ನಿಜವಾದ ಮದುವೆ. ಹೋಗ್ಬಹುದು."